ಮಾರ್ದನಿಯ ಪರೀಕ್ಷೆ: ಜಾಲಸಂಪರ್ಕವನ್ನು ಒರೆಗೆ ಹಚ್ಚುವ ಕ್ರಮ

1

ಪುಣೆಯಿಂದ ಈಶಾನ್ಯಕ್ಕೆ, ಹಿಂದೆ ಅಹಮದ್‌ನಗರವೆನಿಸಿಕೊಂಡಿದ್ದ ಈಗಿನ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಘೋಡ್ ನದಿಯ ದಡದ ಮೇಲೆ ಶಿರೂರು ಎಂಬ ತಾಲೂಕು ಸ್ಥಳವಿದೆ. ನದಿಯ ದೆಸೆಯಿಂದ ಅದಕ್ಕೆ ಘೋಡನದಿಯೆಂಬ ಹೆಸರೂ ಉಂಟು. ಇದೇ ತಾಲೂಕಿನ ರಾಂಜಣಗಾಂವ್ ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದೆಂದು ಹಿಂದಿನಿಂದಲೂ ಪ್ರಸಿದ್ಧ. ಕೈಗಾರಿಕಾ ಪ್ರದೇಶವೆಂದು ಈಚೆಗೆ ಪ್ರಸಿದ್ಧ. ದುಡಿಮೆಯನ್ನರಸಿ ಅಲ್ಲಿಗೆ ಬಂದ ವಿಜಯಪುರದ ಕಡೆಯ ಕಾರ್ಮಿಕನೊಬ್ಬ ತನ್ನ ಸಂಬಳದ ಒಂದು ಪಾಲನ್ನು ಊರಿನಲ್ಲಿರುವ ತಾಯಿಗೆ ಕಳುಹಿಸಲೆಂದು, ಅರ್ಧ ದಿನದ ಕೂಲಿಯನ್ನು ಬಿಟ್ಟು, ಶಿರೂರಿನ ಬ್ಯಾಂಕಿಗೆ ಬಂದನೆಂದು ಭಾವಿಸಬಹುದು. ಕೌಂಟರಿನ ಹಿಂದಿನಿಂದ ಅವನಿಗೆ ಸಿಗುವ ಉತ್ತರ ಒಮ್ಮೊಮ್ಮೆ ಎರಡೇ ಮಾತಿನದಾಗಿರುತ್ತದೆ: "ಲಿಂಕ್ ಇಲ್ಲ."

ಕೈಬರಹದ ಲೆಡ್ಜರುಗಳ ಕಾಲದಲ್ಲಿ ಇಂಥ ಉತ್ತರಕ್ಕೆ ಆಸ್ಪದವಿರಲಿಲ್ಲ. ಗಿರಾಕಿಯ ಲೆಕ್ಕವು ಆ ಶಾಖೆಯ ಕಪಾಟಿನಲ್ಲಿಯೇ ಇರುತ್ತಿತ್ತು. ಅದನ್ನು ತೆರೆಯಲು ಗುಮಾಸ್ತನ ಕೈಯೊಂದು ಸಾಕಾಗಿತ್ತು. ಕೋರ್ ಬ್ಯಾಂಕಿಂಗ್ ಎಂಬ ವ್ಯವಸ್ಥೆ ಬಂದ ಮೇಲೆ ಲೆಕ್ಕದ ಪುಸ್ತಕವು ಶಾಖೆಯನ್ನು ಬಿಟ್ಟು, ನೂರಾರು ಕಿಲೋಮೀಟರು ದೂರದ ಗಣಕಾಗಾರದಲ್ಲಿ ನೆಲೆಗೊಂಡಿತು. ಯಾವ ಊರಿನಲ್ಲಿ ನಿಂತರೂ ತನ್ನ ಹಣವನ್ನು ಮುಟ್ಟಬಹುದೆಂಬ ಸೌಕರ್ಯ ಗಿರಾಕಿಗೆ ಅದರಿಂದ ಲಭಿಸಿತು. ದಾರಿ ಕೆಟ್ಟರೆ ಕಣ್ಣೆದುರಿನ ಶಾಖೆಯಲ್ಲಿಯೂ ಮುಟ್ಟಲಾಗದೆಂಬ ತೊಡಕೂ ಅದರ ಬೆನ್ನಿಗೇ ಬಂದಿತು.

ಆದರೆ "ಲಿಂಕ್ ಇಲ್ಲ" ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಅಡಗಿವೆ. ಮೇಜಿನ ಮೇಲಿನ ಗಣಕಯಂತ್ರವೇ ಕೆಟ್ಟಿರಬಹುದು. ಶಾಖೆಯ ಒಳಗಿನ ತಂತಿ ಸಡಿಲಗೊಂಡಿರಬಹುದು. ಹೊರಗಿನ ಹಾದಿ ಎಲ್ಲಿಯೋ ಕಡಿದಿರಬಹುದು. ಹಾದಿ ಸರಿಯಿದ್ದು, ಆಚೆಯ ಗಣಕವು ಕೆಲಸ ನಿಲ್ಲಿಸಿರಬಹುದು. ಒಂದಕ್ಕೆ ಐದು ನಿಮಿಷದ ಚಿಕಿತ್ಸೆ, ಇನ್ನೊಂದಕ್ಕೆ ಇಡೀ ದಿನ. ಕಾದಿರುವವನನ್ನು ನಿಲ್ಲಿಸಿಕೊಳ್ಳಬೇಕೆ, ಕಳುಹಿಸಿಬಿಡಬೇಕೆ ಎಂಬುದು ಈ ವಿವೇಚನೆಯನ್ನೇ ಅವಲಂಬಿಸಿದೆ. ಈ ವಿವೇಚನೆಗೆ ಇರುವ ಅತ್ಯಂತ ಸರಳವಾದ ಸಾಧನವೇ ಪಿಂಗ್ ಎಂಬ ಪರೀಕ್ಷೆ. ಕನ್ನಡದಲ್ಲಿ ಇದನ್ನು ಮಾರ್ದನಿಯ ಪರೀಕ್ಷೆಯೆಂದು ಕರೆದರೆ ಅರ್ಥಕ್ಕೆ ಚ್ಯುತಿಯಿಲ್ಲ.

2

ಮಾರ್ದನಿಯಿಂದ ದೂರವನ್ನು ಅರಿಯಬಹುದೆಂಬುದು ಹೊಸ ಮಾತಲ್ಲ. ವಿಜಯಪುರದ ಗೋಲಗುಮ್ಮಟದ ಮೇಲಂತಸ್ತಿನ ಪಡಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದವರಿಗೆ ಇದು ಅನುಭವವೇದ್ಯ. ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಎದುರು ಗೋಡೆಯನ್ನು ಮುಟ್ಟಿ ಹಿಂದಿರುಗಲು ಅದು 76 ಮೀಟರು ಕ್ರಮಿಸಬೇಕಾದುದರಿಂದ, ಸುಮಾರು 0.22 ಸೆಕೆಂಡು ಹಿಡಿಯುತ್ತದೆ. ವ್ಯಾಸ ತಿಳಿಯದವನೂ ಈ ಕಾಲವನ್ನಳೆದು ವ್ಯಾಸವನ್ನು ಲೆಕ್ಕ ಹಾಕಬಹುದು. ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ತಿಳಿದುಬರುತ್ತವೆ: ಮರುದನಿ ಬಂದಿತೆಂಬುದರಿಂದ ಎದುರಿಗೆ ಗೋಡೆಯುಂಟೆಂದು, ಎಷ್ಟು ತಡವಾಗಿ ಬಂದಿತೆಂಬುದರಿಂದ ಅದು ಎಷ್ಟು ದೂರವೆಂದು. ನೌಕೆಗಳಲ್ಲಿ ನೀರಿನೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ತತ್ತ್ವವೂ ಇದೇ. ಅದು ಹೊರಡಿಸುವ ನಾದದ ಅನುಕರಣಶಬ್ದವೇ ಪಿಂಗ್.

ಈ ಹೆಸರನ್ನು ಜಾಲಪರೀಕ್ಷೆಗೆ ಕೊಟ್ಟವರು ಅಮೆರಿಕದ ಮೈಕ್ ಮ್ಯೂಸ್. ಮೇರಿಲ್ಯಾಂಡಿನಲ್ಲಿದ್ದ ಸೈನ್ಯದ ಕ್ಷಿಪಣಿವಿದ್ಯಾ ಸಂಶೋಧನಾಲಯದಲ್ಲಿ ಕೆಲಸದಲ್ಲಿದ್ದ ಅವರು 1983ನೆಯ ಇಸವಿಯ ಡಿಸೆಂಬರಿನಲ್ಲಿ, ಅಲ್ಲಿಯ ಜಾಲವು ವಿಲಕ್ಷಣವಾಗಿ ವರ್ತಿಸುತ್ತಿದ್ದುದರ ಕಾರಣವನ್ನು ಶೋಧಿಸಲು, ಈ ಚಿಕ್ಕ ಕ್ರಮವಿಧಿಯನ್ನು ಬರೆದರು. ಕಾಲವನ್ನಳೆಯುತ್ತ ಮಾರ್ದನಿ ಸಂದೇಶಗಳನ್ನು ಬಳಸಬಹುದೆಂಬ ಸೂಚನೆ ಅವರಿಗೆ ಅದೇ ವರ್ಷ ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರ ಮಾತಿನಿಂದ ದೊರೆತಿತ್ತು. ಪಿಂಗ್ ಎಂಬುದು ನಾಲ್ಕು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳ ಜೋಡಣೆಯೆಂಬ ಹೇಳಿಕೆ ಅಲ್ಲಲ್ಲಿ ಕಾಣಬರುತ್ತದೆ. ಅದು ಆಮೇಲಿನವರ ಕಲ್ಪನೆ. ಸೋನಾರಿನ ನಾದದಿಂದಲೇ ಹೆಸರನ್ನು ತೆಗೆದುಕೊಂಡುದಾಗಿ ಮ್ಯೂಸರು ತಾವೇ ಸ್ಪಷ್ಟಪಡಿಸಿದ್ದಾರೆ. ಅವರು 2000ದಲ್ಲಿ ರಸ್ತೆಯ ಅಪಘಾತವೊಂದರಲ್ಲಿ ತೀರಿಕೊಂಡರು.

3

ಜಾಲದಲ್ಲಿ ಗೋಡೆಯಿಲ್ಲ, ಆದುದರಿಂದ ಮಾರ್ದನಿ ತಾನಾಗಿ ಹುಟ್ಟುವುದಿಲ್ಲ. ಅದನ್ನು ಒಪ್ಪಂದದಿಂದ ಹುಟ್ಟಿಸಬೇಕಾಗುತ್ತದೆ. ಜಾಲದಲ್ಲಿ ಸಂಚರಿಸುವ ಮಾಹಿತಿಯೆಲ್ಲ ಸಣ್ಣ ಸಣ್ಣ ಪೊಟ್ಟಣಗಳಾಗಿ ವಿಂಗಡವಾಗಿರುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೆಯೂ ಅಂಚೆಯ ಲಕೋಟೆಯ ಮೇಲಿರುವಂತೆ ಸೇರಬೇಕಾದ ವಿಳಾಸ ಒಂದು, ಕಳುಹಿಸಿದವನ ವಿಳಾಸ ಒಂದು ಇರುತ್ತದೆ. ಈ ಪೊಟ್ಟಣಗಳ ಸಂಚಾರದಲ್ಲಿ ಒದಗುವ ವಿಘ್ನಗಳನ್ನು ತಿಳಿಸುವುದಕ್ಕಾಗಿಯೇ ಐಸಿಎಂಪಿ ಎಂಬ ಪ್ರತ್ಯೇಕ ನಿಯಮಾವಳಿಯಿದೆ. ಜಾನ್ ಪಾಸ್ಟೆಲ್ ಅವರು 1981ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಆ ನಿಯಮಾವಳಿಯಲ್ಲಿ ಸಂದೇಶಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸಲಾಗಿದೆ. 8ನೆಯ ಸಂಖ್ಯೆಯದು "ಮರುದನಿ ಕೊಡು" ಎಂಬ ಕೇಳಿಕೆ. 0 ಸಂಖ್ಯೆಯದು "ಇದೋ ಮರುದನಿ" ಎಂಬ ಉತ್ತರ. ಕೇಳಿಕೆ ಮುಟ್ಟಿದ ಗಣಕವು ಎರಡು ವಿಳಾಸಗಳನ್ನು ಅದಲುಬದಲು ಮಾಡಿ, 8ನ್ನು 0 ಮಾಡಿ, ಒಳಗಿನ ಸರಕನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದು. ಜಾಲವನ್ನು ಸೇರಿದ ಪ್ರತಿಯೊಂದು ಗಣಕವೂ ಈ ಸೇವೆಯನ್ನು ಸಲ್ಲಿಸಲೇಬೇಕೆಂದು 1989ರ ನಿಯಮಗಳು ವಿಧಿಸಿದವು.

ಈ ಪೊಟ್ಟಣದೊಳಗೆ ಇನ್ನೂ ಮೂರು ಗುರುತುಗಳಿರುತ್ತವೆ. ಒಂದು, ಕೇಳಿಕೆ ಯಾರದೆಂಬ ಗುರುತಿನ ಸಂಖ್ಯೆ. ಎರಡು, ಇದು ಎಷ್ಟನೆಯ ಕೇಳಿಕೆಯೆಂಬ ಕ್ರಮಾಂಕ. ಮೂರು, ಹಾದಿಯಲ್ಲಿ ಅಕ್ಷರಗಳು ಕೆಟ್ಟಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲು ಒಂದು ತಾಳೆಮೊತ್ತ. ರೋಕಡಿ ಪುಸ್ತಕದಲ್ಲಿ ಪುಟದ ಕೆಳಗೆ ಬರೆಯುವ ಮೊತ್ತವು ಏನನ್ನು ಮಾಡುತ್ತಿತ್ತೊ ಅದನ್ನೇ ಇದು ಮಾಡುತ್ತದೆ. ವಿಂಡೋಸ್ ಗಣಕಗಳು ಸಾಮಾನ್ಯವಾಗಿ 32 ಬೈಟುಗಳ ಸರಕನ್ನಿಟ್ಟು ನಾಲ್ಕು ಸಾರಿ ಕೇಳಿ ಸುಮ್ಮನಾಗುತ್ತವೆ. ಲಿನಕ್ಸ್ ಗಣಕಗಳು 56 ಬೈಟುಗಳನ್ನಿಟ್ಟು, ನಿಲ್ಲಿಸುವ ತನಕ ಕೇಳುತ್ತಲೇ ಇರುತ್ತವೆ.

ಅಂಚೆಯಲ್ಲಿ ಬಹುಕಾಲ ರೂಢಿಯಲ್ಲಿದ್ದ ಸ್ವೀಕೃತಿ ಸಹಿತವಾದ ರಿಜಿಸ್ಟರು ಪತ್ರವನ್ನು ಇದಕ್ಕೆ ಹೋಲಿಸಬಹುದು. ಘೋಡ್ ನದಿಯಲ್ಲಿ ತೇಲಿಬಿಟ್ಟ ಎಲೆ ಭೀಮೆಯನ್ನು ಸೇರಿ, ವಿಜಯಪುರ ಕಲಬುರಗಿಗಳ ನೆಲವನ್ನು ಹಾಯ್ದರೂ ಹಾಯಬಹುದು. ಆದರೆ ಅದು ಹಾಯ್ದಿತೆಂಬ ವಾರ್ತೆ ಹೊಳೆಯನ್ನೇರಿ ಹಿಂದಕ್ಕೆ ಬಾರದು. ಸ್ವೀಕೃತಿಯ ಚೀಟಿ ಕೈಗೆ ಬಂದಾಗಲೇ ಕಳುಹಿಸಿದವನಿಗೆ ನೆಮ್ಮದಿ.

4

ಪೊಟ್ಟಣಕ್ಕೆ ವಿಳಾಸ ಬೇಕೆಂದಾಯಿತು. ಆದರೆ ಮನುಷ್ಯರು ನೆನಪಿಡುವುದು ಹೆಸರನ್ನು. ಯಂತ್ರ ನಡೆಸುವುದು ಅಂಕಿಯ ವಿಳಾಸದಿಂದ. ಈ ಭೇದವನ್ನು ಶಿರೂರು ಎಂಬ ಹೆಸರೇ ವಿಶದಪಡಿಸುತ್ತದೆ. ಬಾಗಲಕೋಟೆ ತಾಲೂಕಿನಲ್ಲಿ ಒಂದು ಶಿರೂರು. ಉಡುಪಿ ಜಿಲ್ಲೆಯ ಬೈಂದೂರಿನ ಬಳಿ ಇನ್ನೊಂದು. 2024ರ ಜುಲೈಯ ಭೂಕುಸಿತದಿಂದ ದೇಶಕ್ಕೆಲ್ಲ ಪರಿಚಿತವಾದ ಅಂಕೋಲಾ ತಾಲೂಕಿನ ಶಿರೂರು ಮತ್ತೊಂದು. ಮಹಾರಾಷ್ಟ್ರದಲ್ಲಿಯೇ ಬೀಡ ಜಿಲ್ಲೆಯ ಶಿರೂರು ಕಾಸಾರ, ಲಾತೂರ ಜಿಲ್ಲೆಯ ಶಿರೂರು ಅನಂತಪಾಳ ಎಂಬ ಊರುಗಳಿವೆ. ಬರಿಯ "ಶಿರೂರು" ಎಂದು ಬರೆದ ಪತ್ರ ಯಾವ ಊರಿಗೆ ಹೋಗಬೇಕು? 1972ನೆಯ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಈ ಸಂದೇಹವನ್ನು ಪರಿಹರಿಸಿತು. 412210 ಎಂದು ಬರೆದರೆ ಅದು ಘೋಡ್ ನದಿಯ ದಡದ ಶಿರೂರೇ ಹೊರತು ಬೇರೆಯಲ್ಲ.

ಜಾಲದಲ್ಲಿಯೂ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯಿದೆ. ಪಾಲ್ ಮೊಕಾಪೆಟ್ರಿಸ್ ಅವರು ಅದನ್ನು ರೂಪಿಸಿದ್ದೂ 1983ರಲ್ಲಿಯೇ. ಆದ ಕಾರಣ ಮಾರ್ದನಿಯ ಪರೀಕ್ಷೆಯನ್ನು ಒಮ್ಮೆ ಅಂಕಿಯಿಂದಲೂ ಒಮ್ಮೆ ಹೆಸರಿನಿಂದಲೂ ಮಾಡುವುದು ಯುಕ್ತ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದಲ್ಲಿ ಹಾದಿ ನೆಟ್ಟಗಿದೆ, ಕೆಟ್ಟಿರುವುದು ವಿಳಾಸದ ಪುಸ್ತಕ ಎಂದು ನಿರ್ಣಯಿಸಬಹುದು.

5

ಪರೀಕ್ಷೆಯನ್ನು ಒಳಗಿನಿಂದ ಹೊರಕ್ಕೆ, ಒಂದೊಂದೇ ಹೆಜ್ಜೆಯಾಗಿ ನಡೆಸತಕ್ಕದ್ದು. ಮೊದಲನೆಯದಾಗಿ, ಗಣಕವು ತನ್ನನ್ನು ತಾನೇ ಕೂಗಿ ನೋಡಬೇಕು. ಇದಕ್ಕಾಗಿಯೇ 127.0.0.1 ಎಂಬ ವಿಳಾಸವನ್ನು ಮೀಸಲಾಗಿಟ್ಟಿದೆ. ಆ ವಿಳಾಸದ ಪೊಟ್ಟಣ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಇದಕ್ಕೂ ಉತ್ತರವಿಲ್ಲದಿದ್ದರೆ ಜಾಲದ ಮೇಲೆ ದೋಷ ಹೊರಿಸುವುದು ಅನ್ಯಾಯ. ರೋಗ ಗಣಕದೊಳಗೇ ಇದೆ. ಎರಡನೆಯದಾಗಿ, ಶಾಖೆಯ ಹೆಬ್ಬಾಗಿಲನ್ನು, ಎಂದರೆ ಹೊರಗಿನ ಹಾದಿಗೆ ಸೇರಿಸುವ ರೂಟರನ್ನು ಕೂಗಬೇಕು. ಅದು ಮೌನವಾಗಿದ್ದಲ್ಲಿ ಗೋಡೆಯೊಳಗಿನ ತಂತಿ, ಕೀಲು, ವಿದ್ಯುತ್ತು ಇವುಗಳನ್ನು ನೋಡಬೇಕಾಗುತ್ತದೆ. ಮೂರನೆಯದಾಗಿ, ದೂರದ ಗಣಕಾಗಾರವನ್ನು ಅಂಕಿಯಿಂದಲೂ, ನಾಲ್ಕನೆಯದಾಗಿ ಹೆಸರಿನಿಂದಲೂ ಕೂಗಬೇಕು. ಎಲ್ಲಿಯವರೆಗೆ ಉತ್ತರ ಬರುತ್ತದೆಯೋ ಅಲ್ಲಿಯವರೆಗೆ ಹಾದಿ ಸರಿ. ಉತ್ತರ ಕಡಿದುಹೋದ ಹೆಜ್ಜೆಯಲ್ಲಿಯೇ ಶೋಧನೆಯನ್ನು ಆರಂಭಿಸಬೇಕು.

ಸಡಿಲವಾದ ಕೀಲನ್ನು ಹುಡುಕಿದ ಒಂದು ಪ್ರಸಂಗವನ್ನು ಮ್ಯೂಸರೇ ನಿರೂಪಿಸಿದ್ದಾರೆ. ಜಾಲವನ್ನು ನೋಡಿಕೊಳ್ಳುತ್ತಿದ್ದ ಒಬ್ಬಾತ, ಮರುದನಿ ಬಂದಾಗಲೆಲ್ಲ ಗಣಕವು "ಪಿಂಗ್" ಎಂದು ಗಟ್ಟಿಯಾಗಿ ನುಡಿಯುವಂತೆ ಏರ್ಪಡಿಸಿ, ಕಟ್ಟಡದೊಳಗೆ ತಿರುಗುತ್ತ ತಂತಿಯ ಕೀಲುಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ಹೋದನಂತೆ. ಯಾವ ಕೀಲನ್ನು ಮುಟ್ಟಿದಾಗ ದನಿ ನಿಂತಿತೋ ಅದೇ ದೋಷದ ಮೂಲವೆಂದು ಗೊತ್ತಾಯಿತು.

6

ಉತ್ತರ ಬಂದರಾಯಿತೆಂದು ಸುಮ್ಮನಿರುವಂತಿಲ್ಲ. ಎಷ್ಟು ಹೊತ್ತಿಗೆ ಬಂದಿತೆಂಬುದನ್ನೂ ನೋಡಬೇಕು. ಶಿರೂರಿನ ಶಾಖೆಯ ಲೆಕ್ಕವು ಬೆಂಗಳೂರಿನ ಗಣಕಾಗಾರದಲ್ಲಿದೆಯೆಂದು ಇಟ್ಟುಕೊಂಡರೆ, ಎರಡು ಊರುಗಳ ನಡುವಣ ನೇರ ದೂರ ಸುಮಾರು 735 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಹೋಗಿಬರುವ 1470 ಕಿಲೋಮೀಟರಿಗೆ ಏಳೂಕಾಲು ಮಿಲಿಸೆಕೆಂಡುಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಇದಕ್ಕಿಂತ ಬೇಗ ಉತ್ತರ ಬರುವುದು ಸೃಷ್ಟಿನಿಯಮಕ್ಕೇ ವಿರುದ್ಧ. ವಾಸ್ತವದಲ್ಲಿ ತಂತಿಯು ನೆಟ್ಟಗೆ ಹೋಗುವುದಿಲ್ಲ. ನಡುವೆ ರೂಟರುಗಳು ಪೊಟ್ಟಣವನ್ನು ಸರದಿಯಲ್ಲಿ ನಿಲ್ಲಿಸಿಕೊಳ್ಳುತ್ತವೆ. ಆದುದರಿಂದ ಇದರ ಎರಡು ಮೂರು ಪಾಲು ಕಾಲ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ನಿತ್ಯವೂ 25 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರವು ಒಂದು ದಿನ 300ಕ್ಕೆ ಏರಿದಲ್ಲಿ ಹಾದಿ ಬದಲಾಗಿದೆಯೆಂದೋ ಎಲ್ಲಿಯೋ ದಟ್ಟಣೆಯಾಗಿದೆಯೆಂದೋ ಊಹಿಸಬೇಕಾಗುತ್ತದೆ.

ಉಪಗ್ರಹದ ಹಾದಿಯ ಲೆಕ್ಕ ಬೇರೆ. ಇದೇ ಪುಣೆ ಜಿಲ್ಲೆಯ ಜುನ್ನರ ತಾಲೂಕಿನ ಆರ್ವಿಯಲ್ಲಿ ದೇಶದ ಮೊದಲ ವಾಣಿಜ್ಯ ಉಪಗ್ರಹ ಭೂಕೇಂದ್ರವು 1971ರಲ್ಲಿ ಕಾರ್ಯಾರಂಭ ಮಾಡಿತು. ಬ್ಯಾಂಕುಗಳನ್ನು ಪರಸ್ಪರ ಜೋಡಿಸಲು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ 1999ರಲ್ಲಿ ಸ್ಥಾಪಿಸಿದ ಇನ್‌ಫಿನೆಟ್ ಎಂಬ ಜಾಲವೂ ಆರಂಭದಲ್ಲಿ ಉಪಗ್ರಹವನ್ನೇ ಆಶ್ರಯಿಸಿತ್ತು. ಇಂಥ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿರುತ್ತವೆ. ಕೇಳಿಕೆ ಒಮ್ಮೆ ಏರಿ ಇಳಿಯಬೇಕು; ಉತ್ತರ ಇನ್ನೊಮ್ಮೆ ಏರಿ ಇಳಿಯಬೇಕು. ಹೀಗೆ ನಾಲ್ಕು ಪಟ್ಟು ದೂರ, ಎಂದರೆ 1,43,144 ಕಿಲೋಮೀಟರು. ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರಾದುದರಿಂದ, ಹೆಚ್ಚುಕಡಿಮೆ ಅರ್ಧ ಸೆಕೆಂಡು ಕಾಯಲೇಬೇಕು. ಯಂತ್ರವನ್ನು ಎಷ್ಟು ಉತ್ತಮಪಡಿಸಿದರೂ ಈ ತಡವು ತಪ್ಪುವಂಥದಲ್ಲ. ನೆಲದ ಹಾದಿಯಲ್ಲಿ ರೋಗದ ಚಿಹ್ನೆಯೆನಿಸುವ 500 ಮಿಲಿಸೆಕೆಂಡು ಉಪಗ್ರಹದ ಹಾದಿಯಲ್ಲಿ ಆರೋಗ್ಯದ ಚಿಹ್ನೆ. ಅಂಕಿಯನ್ನು ಓದುವ ಮೊದಲು ಹಾದಿಯನ್ನರಿಯಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಉತ್ತರಗಳ ಎಣಿಕೆಯೂ ಮುಖ್ಯ. ನೂರು ಕೇಳಿಕೆಗಳಿಗೆ ತೊಂಬತ್ತೇಳು ಉತ್ತರಗಳು ಬಂದರೆ ಶೇಕಡ ಮೂರು ನಷ್ಟ. ನಷ್ಟವಾದ ಪೊಟ್ಟಣಗಳನ್ನು ಮತ್ತೆ ಕಳುಹಿಸುವ ಏರ್ಪಾಡು ಜಾಲದಲ್ಲಿ ಇರುವುದರಿಂದ ಕೆಲಸ ನಿಲ್ಲುವುದಿಲ್ಲ, ಆದರೆ ಕುಂಟುತ್ತದೆ. ಕಿಟಕಿಯ ಮುಂದಿನ ಸಾಲು ಉದ್ದವಾಗುವುದು ಹಲವು ವೇಳೆ ಈ ಕುಂಟುತನದಿಂದಲೇ.

7

ಮಾರ್ದನಿ ಬಾರದಿದ್ದಾಗ ಏನೆಂದು ತಿಳಿಯಬೇಕು? ಪರೀಕ್ಷೆಯಲ್ಲಿ ಕಷ್ಟವಾದ ಭಾಗ ಇದೇ. ಮೊದಲು, ನಿರಾಕರಣೆಗೂ ಮೌನಕ್ಕೂ ಭೇದವಿದೆ. ನಡುವಣ ರೂಟರೊಂದು "ಆ ವಿಳಾಸಕ್ಕೆ ಹಾದಿಯಿಲ್ಲ" ಎಂದು ಸಂದೇಶ ಕಳುಹಿಸಿದರೆ, ಅಲ್ಲಿಯ ತನಕ ಹೋಗಿಬರುವ ಮಾರ್ಗ ಸರಿಯಿದೆಯೆಂಬುದಂತೂ ಸ್ಪಷ್ಟ. ಪೊಟ್ಟಣಕ್ಕೆ ಒಂದು ಆಯುಸ್ಸಂಖ್ಯೆಯೂ ಉಂಟು. ಹೊರಡುವಾಗ ಸಾಮಾನ್ಯವಾಗಿ 64 ಅಥವಾ 128 ಇರುವ ಅದು ಒಂದೊಂದು ರೂಟರಿನಲ್ಲಿಯೂ ಒಂದೊಂದು ಕಡಮೆಯಾಗುತ್ತದೆ. ಸೊನ್ನೆಯಾದಾಗ ರೂಟರು ಪೊಟ್ಟಣವನ್ನು ತ್ಯಜಿಸಿ, ಕಳುಹಿಸಿದವನಿಗೆ ಸುದ್ದಿ ಮುಟ್ಟಿಸುತ್ತದೆ. ದಾರಿ ತಪ್ಪಿದ ಪೊಟ್ಟಣಗಳು ಜಾಲದಲ್ಲಿ ಅಂತ್ಯವಿಲ್ಲದೆ ಸುತ್ತದಿರಲೆಂದು ಈ ಏರ್ಪಾಡು. ಆಯುಸ್ಸನ್ನು ಬೇಕೆಂದೇ 1, 2, 3 ಎಂದು ಕಡಮೆಯಿಟ್ಟು ಕಳುಹಿಸಿದರೆ ಹಾದಿಯಲ್ಲಿರುವ ರೂಟರುಗಳು ಒಂದೊಂದಾಗಿ ತಮ್ಮ ಇರವನ್ನು ತಿಳಿಸುತ್ತವೆ. ವ್ಯಾನ್ ಜೇಕಬ್ಸನ್ ಅವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಮಾರ್ಗಶೋಧಕ ವಿಧಾನದ ಗುಟ್ಟು ಇದೇ.

ಪೂರ್ಣ ಮೌನಕ್ಕೆ ಮಾತ್ರ ಹಲವು ಅರ್ಥಗಳು. ಕೇಳಿಕೆ ಹೋಗುವಾಗ ಕಳೆದಿರಬಹುದು. ಉತ್ತರ ಬರುವಾಗ ಕಳೆದಿರಬಹುದು. ಎದುರಿನ ಗಣಕ ಸತ್ತಿರಬಹುದು. ಬದುಕಿದ್ದೂ ಉತ್ತರ ಕೊಡಬಾರದೆಂದು ಅದಕ್ಕೆ ಅಪ್ಪಣೆಯಾಗಿರಬಹುದು. ಈ ಕೊನೆಯ ಸಂಭವ ಈಗ ಸಾಮಾನ್ಯ. 1990ರ ದಶಕದ ಕೊನೆಯಲ್ಲಿ ದುಷ್ಟರು ಮಾರ್ದನಿಯ ಸೌಜನ್ಯವನ್ನೇ ಆಯುಧವಾಗಿ ಮಾಡಿಕೊಂಡರು. ಕಳುಹಿಸಿದವನ ಜಾಗದಲ್ಲಿ ಬೇರೊಬ್ಬನ ವಿಳಾಸವನ್ನು ಸುಳ್ಳಾಗಿ ಬರೆದು, ಒಂದೇ ಕೂಗನ್ನು ಇಡೀ ಜಾಲಕ್ಕೆ ಕೂಗಿದರೆ, ನೂರಾರು ಗಣಕಗಳ ಉತ್ತರಗಳೆಲ್ಲ ಆ ನಿರಪರಾಧಿಯ ಮೇಲೆ ಒಮ್ಮೆಲೆ ಬೀಳುತ್ತಿದ್ದವು. ಇದರಿಂದಾಗಿ ಕಾವಲಿನವರು ಹಲವೆಡೆ ಮಾರ್ದನಿಗೆ ಬಾಗಿಲು ಮುಚ್ಚಿದರು. ಆದಕಾರಣ ಮೌನವನ್ನು ಮರಣವೆಂದು ಓದುವುದು ಅವಸರದ ತೀರ್ಮಾನವಾದೀತು. ನಿನ್ನೆಯವರೆಗೆ ಉತ್ತರ ಕೊಡುತ್ತಿದ್ದ ವಿಳಾಸ ಇಂದು ಮೌನವಾದರೆ ಮಾತ್ರ ಆ ಮೌನಕ್ಕೆ ಬೆಲೆ.

ಹಾಗೆಯೇ ಉತ್ತರ ಬಂದಿತೆಂಬುದಕ್ಕೂ ಎಲ್ಲೆಯಿದೆ. ಗಣಕ ಮರುದನಿ ಕೊಟ್ಟಿತೆಂದರೆ ಮನೆಯಲ್ಲಿ ದೀಪ ಉರಿಯುತ್ತಿದೆಯೆಂದಷ್ಟೇ ಅರ್ಥ. ಒಳಗೆ ಲೆಕ್ಕ ಬರೆಯುವವರು ಎಚ್ಚರವಾಗಿದ್ದಾರೆಯೆ ಎಂಬುದು ಅದರಿಂದ ತಿಳಿಯದು. ಹಾದಿ ನಿರ್ಮಲವಾಗಿದ್ದೂ ಖಾತೆ ತೆರೆಯದಿರಬಹುದು. ಅಂಥ ದಿನ ರೂಟರನ್ನು ಆರಿಸಿ ಹಚ್ಚುವುದರಿಂದ ಪ್ರಯೋಜನವಿಲ್ಲ. ಗಣಕಾಗಾರದವರಿಗೇ ದೂರು ಮುಟ್ಟಬೇಕು.

8

ಮೌನದ ದ್ವಂದ್ವಾರ್ಥ ಮಾರ್ದನಿಯಲ್ಲಿ ನಿರುಪದ್ರವಿ. ಹತ್ತು ಸಾರಿ ಕೂಗಿದರೆ ಯಾರಿಗೂ ನಷ್ಟವಿಲ್ಲ. ಹಣದ ವಿಷಯದಲ್ಲಿ ಹಾಗಲ್ಲ. ಮೇಲೆ ಹೇಳಿದ ಕಾರ್ಮಿಕ ಐದು ಸಾವಿರ ರೂಪಾಯಿ ಕಳುಹಿಸಲು ಫೋನಿನ ಗುಂಡಿಯನ್ನೊತ್ತಿದ; ಉತ್ತರ ಬರಲಿಲ್ಲ. ಆಜ್ಞೆ ಹೋಗುವಾಗ ಕಳೆದಿದ್ದರೆ ಹಣ ಅವನ ಖಾತೆಯಲ್ಲೇ ಇದೆ. ಉತ್ತರ ಬರುವಾಗ ಕಳೆದಿದ್ದರೆ ಹಣ ಆಗಲೇ ಹೋಗಿದೆ. ಕಳುಹಿಸಿದವನ ಕಡೆಯಿಂದ ನೋಡಿದರೆ ಎರಡೂ ಒಂದೇ ಮೌನ. ಅವನು ಗಾಬರಿಯಿಂದ ಮತ್ತೊಮ್ಮೆ ಒತ್ತಿದರೆ ಎರಡು ಬಾರಿ ಹಣ ಕಳೆಯುವ ಅಪಾಯವಿದೆ. ಈ ಕಾರಣದಿಂದಲೇ, ಮಾರ್ದನಿಗೆ ಕ್ರಮಾಂಕವಿರುವಂತೆ, ಪ್ರತಿಯೊಂದು ಹಣದ ವ್ಯವಹಾರಕ್ಕೂ ಪ್ರತ್ಯೇಕವಾದ ಗುರುತಿನ ಸಂಖ್ಯೆಯಿರುತ್ತದೆ. ಆ ಸಂಖ್ಯೆಯನ್ನು ಹಿಡಿದು ವಿಚಾರಿಸಿ, ಹಿಂದಿನ ಆಜ್ಞೆಯ ಗತಿಯನ್ನು ತಿಳಿದ ಬಳಿಕವೇ ಹೊಸ ಆಜ್ಞೆಯನ್ನು ಕೊಡುವುದು ವಿವೇಕ.

ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಈ ಮೌನಕ್ಕೆ ಅವಧಿಯನ್ನು ಗೊತ್ತುಪಡಿಸಿತು. ಎಟಿಎಂನಲ್ಲಿ ಖಾತೆಯಿಂದ ಹಣ ಕಳೆದು ನೋಟು ಹೊರಬಾರದಿದ್ದರೆ ಐದು ದಿನಗಳೊಳಗಾಗಿ, ಯುಪಿಐ ಮೂಲಕ ಕಳುಹಿಸಿದ ಹಣ ಪಡೆಯುವವನ ಖಾತೆಗೆ ಜಮೆಯಾಗದಿದ್ದರೆ ಮರುದಿನದೊಳಗಾಗಿ, ಕೇಳದೆಯೇ ಹಿಂದಿರುಗಿಸಬೇಕೆಂದೂ, ತಡವಾದಲ್ಲಿ ದಿನವೊಂದಕ್ಕೆ ನೂರು ರೂಪಾಯಿ ಪರಿಹಾರ ಸಲ್ಲಿಸಬೇಕೆಂದೂ ಅದು ವಿಧಿಸಿತು. ಹಾದಿಯ ದೋಷದ ಭಾರವನ್ನು ಹಾದಿಯನ್ನರಿಯದ ಗಿರಾಕಿಯ ಮೇಲೆ ಹೊರಿಸಬಾರದೆಂಬುದೇ ಇದರ ತಾತ್ಪರ್ಯ.

ಮಾರ್ದನಿಯ ಪರೀಕ್ಷೆಗೆ ವಿಶೇಷ ಪಾಂಡಿತ್ಯ ಬೇಕಿಲ್ಲ. ಒಂದು ಸಾಲಿನ ಆಜ್ಞೆ, ನಾಲ್ಕು ಹೆಜ್ಜೆಗಳ ಕ್ರಮ, ಬಂದ ಅಂಕಿಗಳನ್ನು ನಿನ್ನೆಯ ಅಂಕಿಗಳೊಡನೆ ತಾಳೆ ನೋಡುವ ಅಭ್ಯಾಸ ಇಷ್ಟು ಸಾಕು. ಶಾಖೆಯಲ್ಲಿ ಇದನ್ನು ಬಲ್ಲವರು ಒಬ್ಬರಿದ್ದರೂ "ಲಿಂಕ್ ಇಲ್ಲ" ಎಂಬ ಮಾತಿನ ಜಾಗದಲ್ಲಿ "ನಮ್ಮ ರೂಟರು ಕೆಟ್ಟಿದೆ, ಅರ್ಧ ಗಂಟೆ ಕೂತಿರಿ" ಎಂದೋ, "ದೋಷ ಬೆಂಗಳೂರಿನ ಕಡೆಯದು, ಇಂದು ಕಾಯಬೇಡಿ" ಎಂದೋ ಹೇಳಲು ಬರುತ್ತದೆ. ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಈ ಎರಡು ಉತ್ತರಗಳ ನಡುವಣ ಅಂತರವು ಸಣ್ಣದಲ್ಲ.